ಬಾಕಿ ಕಾರ್ಡುಗಳು

ಮಳವಳ್ಳಿ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

…ಅದೇ ಹೇಳ್ತಿದ್ದೆ ಮಗ, ಅಷ್ಟರಲ್ಲಿ ಬೆಟ್ಟು ಜಾರಿ ಎಲ್ಲಾ ಅಳಿಸಿಹೋಯ್ತು. ಬೇಜಾರು ಮಾಡ್ಕೋಬೇಡ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಮೊದಲನೇ ಸಲ ಹೇಳಿದ್ದು ಇದಕ್ಕಿಂತ ಚೆನ್ನಾಗಿತ್ತು. ಈ ವಾಯ್ಸ್ ನೋಟಿಗೆ ಗುಂಡಿ ಒತ್ತಿ ಹಿಡ್ಕೊಂಡೇ ಇರ್ಬೇಕಂತೆ. ನನಗೋ ಮಾತಾಡ್ತಾ ಕೈ ಆಡಿಸೋ ಅಭ್ಯಾಸ.

ಪರೀಕ್ಷೆಯ ಎರಡನೇ ಸಲದ ರಿಸಲ್ಟು ಬಂದ ಮೇಲೆ ನೀನು ಫೋನ್ ಎತ್ತೋದು ಬಿಟ್ಟಿದ್ದೀಯ. ನಾನದನ್ನ ತಪ್ಪು ಅಂತಿಲ್ಲ. ಎತ್ತಿದ್ರೆ ನಾನು ಏನ್ ಕೇಳ್ತೀನಿ ಅಂತ ನಿನಗೂ ಗೊತ್ತು, ಏನ್ ಕೇಳಬಾರದು ಅಂತ ನನಗೂ ಗೊತ್ತು. ಇದಾದ್ರೆ ನಿನಗೆ ಬಿಡುವಾದಾಗ ಕೇಳ್ಕೋಬಹುದು. ಕೇಳದೇ ಇದ್ರೂ ನಾನು ಮಾತಾಡಿದಂಗಾಯ್ತು.

ಅಜ್ಜಿ ಕೊಕ್ಕರೆ ಬೆಳ್ಳೂರಿಂದ ಬಂದವ್ಳೆ. ಮಂಡಿ ನೋವು. ಬಸ್ಸಿಳಿದವಳೇ, "ಎಲ್ಲವ್ಳೆ ನಮ್ಮ ಡಾಕ್ಟ್ರವ್ವ?" ಅಂದ್ಲು. ಮೈಸೂರಲ್ಲಿ ಓದ್ತಾವ್ಳೆ ಅಂದೆ. "ಜಾರ್ಜಿಯಾದಾಗೆ ಆರು ವರ್ಸ ಓದಿ ಬಂದಳಲ್ಲ, ಇನ್ನೂ ಎಂತದ್ಲಾ ಓದು?" ಅಂತ ನನಗೇ ಬೈದ್ಲು. ಹೊರದೇಶದಲ್ಲಿ ಓದಿದವ್ರಿಗೆ ಇಲ್ಲೊಂದು ಪರೀಕ್ಷೆ ಉಂಟು, ಅದು ಪಾಸಾದ್ರೇನೇ ಕೈಗೆ ಸ್ಟೆತಾಸ್ಕೋಪು ಅಂತ ಬಿಡಿಸಿ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ.

ನೀನು ಹೋದ ಚಳಿಗಾಲದಲ್ಲಿ ಬಿಟ್ಟು ಹೋದ ಟ್ಯಾಬು ಇದೆಯಲ್ಲ, ನಾನು ಪ್ರಶ್ನೆ ಓದೋದು, ನೀನು ಅವರೆಕಾಯಿ ಸುಲೀತಾ ಉತ್ತರ ಹೇಳೋದು, ಆ ಪ್ರಶ್ನೆ ಕಾರ್ಡುಗಳೆಲ್ಲ ಅದ್ರಲ್ಲಿ ಹಂಗೇ ಇವೆ. ಆಫೀಸಿಗೆ ಹೊರಡೋ ಮುಂಚೆ ದಿನಾ ತೆಗೆದು ನೋಡ್ತೀನಿ. ಅಲ್ಲಿ ನೀನು ಫೋನಲ್ಲಿ ಓದಿದ್ರೆ ಇಲ್ಲಿ, ಓದಬೇಕಾದ ಕಾರ್ಡು ಇಷ್ಟು ಅನ್ನೋ ಬಾಕಿ ನಂಬರ್ ಇಳಿಯುತ್ತೆ. ಇಳಿದಿದ್ರೆ, ಓ ನನ್ ಮಗಳು ಎದ್ದವ್ಳೆ, ಓದವ್ಳೆ, ಊಟ ಮಾಡವ್ಳೆ ಅಂತ ನನಗೊಂದು ಲೆಕ್ಕ. ನಿನ್ನ ರೂಮಿನ ಲೈಟು ಕಂಡಂಗೆ.

ಗೌರಿ ಹಬ್ಬದಿಂದ ಈಚೆಗೆ ಅದು ಏರ್ತಾನೇ ಇದೆ. ನಿಮ್ಮ ಪೀಜೀಲಿ ನೆಟ್ ಸರಿಯಿಲ್ವೇನೋ. ಅಷ್ಟೆ.

ವಾಯ್ಸ್ ನೋಟಿಗೆ ಸಹಿ ಹಾಕೋದು ಹೆಂಗೆ? ಬಾಯಲ್ಲೇ ಹೇಳ್ಬುಡ್ತೀನಿ.
ಇಂತಿ, ನಿಮ್ಮಪ್ಪ ಚಲುವರಾಜು.

*

ದೀಪಿಕ ಇದಕ್ಕೆ ಉತ್ತರವಾಗಿ, ಮೂರು ದಿನ ಬಿಟ್ಟು, ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಕಳಿಸಿದಳು.

*

ಮಳವಳ್ಳಿ
೫ ಅಕ್ಟೋಬರ್, ಭಾನುವಾರ

ಮಗ, ಇವತ್ತು ಒಳ್ಳೇ ಸಮಾಚಾರ. ನಿನ್ನ ಬಾಕಿ ಎಲ್ಲಾ ವಿಲೇವಾರಿ ಆಯ್ತು!

ತಮಾಷೆ ಅಲ್ಲ ಕಣಮ್ಮ. ಆಯುಧಪೂಜೆ ದಿನ ನಮ್ಮ ನಾಡಕಚೇರೀಲಿ ಕಂಪ್ಯೂಟ್ರಿಗೆಲ್ಲ ಕುಂಕುಮ ಇಟ್ಟು, ಚೆಂಡು ಹೂವ ಹಾಕಿ ಪೂಜೆ ಮಾಡಿದ್ವಿ. ನಮ್ಮಲ್ಲೊಂದು ಪದ್ಧತಿ. ಮಂಗಳಾರತಿ ಹೊತ್ತಿಗೆ ನಮ್ಮ ನಮ್ಮ ಪರದೆ ಮೇಲೆ ಬಾಕಿ ಅರ್ಜಿ ಸೊನ್ನೆ ಅಂತ ಕಾಣ್ಬೇಕು. ಹಬ್ಬಕ್ಕೆ ಮುಂಚಿನ ವಾರವೆಲ್ಲ ಕೂತು ಕೆಲಸ ಮುಗಿಸ್ತೀವಿ. ಸೊನ್ನೆ ಬಂದಿದ್ದು ನೋಡಿ ಅಟೆಂಡರ್ ನಿಂಗಯ್ಯ ಬೂದುಗುಂಬಳ ಒಡೆದ. ಆಮೇಲೆ ಸಕ್ಕರೆ ಕಾಯಿಲೆಯವನು ನಾಲ್ಕು ಲಾಡು ತಿಂದ, ಅದು ಬೇರೆ ಕತೆ.

ಮನೆಗೆ ಬಂದು ನಿನ್ನ ಟ್ಯಾಬಿಗೂ ಒಂದು ಬೊಟ್ಟು ಇಟ್ಟೆ. ತೆಗೆದ್ರೆ, ಅಯ್ಯೋ, ಬಾಕಿ ಎರಡು ಸಾವಿರ ದಾಟಿದೆ. ಇದನ್ನ ನೋಡಿದ್ರೆ ಯಾರಿಗೆ ಓದೋಕೆ ಮನಸು ಬರುತ್ತೆ? ಸಾಹೇಬ್ರು ವರ್ಗವಾಗಿ ಹೋಗಿ ಆರು ತಿಂಗಳಾದ ಆಫೀಸ್ ಇದ್ದಂಗೆ ಇತ್ತು.

ಅದಕ್ಕೆ ಇವತ್ತು ಬೆಳಗ್ಗೆ ತಿಂಡಿ ತಿಂದು ಕೂತ್ಕೊಂಡೆ. ಪ್ರಶ್ನೆ ಓದಿದ್ರೆ ತಲೆ ತಿರುಗುತ್ತೆ ಅಂತ ಓದೋಕೆ ಹೋಗಲಿಲ್ಲ. ಕೆಳಗೆ ಗುಂಡಿಗಳಿವೆಯಲ್ಲ, 'ಎಗೇನ್' ಒತ್ತಿದ್ರೆ ಅದೇ ಕಾರ್ಡು ತಿರುಗಿ ಬಂದು ಮುಂದೆ ನಿಂತ್ಕೊಳುತ್ತೆ, ಭಾರಿ ಮೊಂಡು ಅರ್ಜಿದಾರ. 'ಈಸಿ' ಒತ್ತಿದ್ರೆ ನಾಲ್ಕು ತಿಂಗಳು ಅಂತ ವಾಯಿದೆ ತಗೊಂಡು ಮರ್ಯಾದೆಯಾಗಿ ಹೊರಟುಹೋಗುತ್ತೆ. ನಿನಗೆ ಉಸಿರಾಡೋಕೆ ಟೈಮಾಗಲಿ ಅಂತ ಎಲ್ಲಕ್ಕೂ ಈಸಿ ಕೊಟ್ಟೆ.

ಅಜ್ಜಿ ಜಗಲಿ ಮೇಲಿಂದ ನೋಡ್ತಾನೇ ಇದ್ಲು. "ಏನ್ಲಾ ಅದು, ಒತ್ತಾರೆಯಿಂದ ಕುಟ್ತಾ ಕೂತಿದ್ದೀಯ. ಇಷ್ಟೊತ್ತು ರಾಗಿ ಕುಟ್ಟಿದ್ರೆ ಇಟ್ಟಾದ್ರೂ ಆಗದು." ಮಗಳ ಕೆಲಸ ಕಣವ್ವ ಅಂದೆ. "ಅಂಗಾರೆ ಕುಟ್ಟು" ಅಂದ್ಲು.

ಸಾಯಂಕಾಲ ಟೀ ಹೊತ್ತಿಗೆ ಸೊನ್ನೆ ಬಂತು ಮಗ. ಹಸಿರು ಬಣ್ಣದಲ್ಲಿ 'ಕಂಗ್ರಾಜುಲೇಶನ್ಸ್' ಅಂತಲೂ ಬಂತು. ನಿಮ್ಮಮ್ಮನಿಗೂ ತೋರಿಸ್ದೆ. ಇನ್ನು ನೀನು ತೆಗೆದು ನೋಡು. ಹಗುರಾಗಿ ಕೂತ್ಕೊಂಡು ಓದು.

ಸಹಿ,
ವಿಲೇವಾರಿ ಮಾಡಿದ ನಿಮ್ಮಪ್ಪ.

*

ಮೈಸೂರು
೭ ಅಕ್ಟೋಬರ್

ಅಪ್ಪಾಜಿ, ಟ್ಯಾಬಲ್ಲಿ ಏನ್ ಮಾಡಿದ್ರಿ? ನನ್ನ ಕಾರ್ಡೆಲ್ಲ ಫೆಬ್ರವರಿಗೆ ಹೋಗಿವೆ. ಪರೀಕ್ಷೆ ಜನವರೀಲಿ. ದಯವಿಟ್ಟು ಇನ್ನು ಅದನ್ನ ಮುಟ್ಟಬೇಡಿ.
ದೀಪಿಕ

*

ಮಳವಳ್ಳಿ
೮ ಅಕ್ಟೋಬರ್, ಬುಧವಾರ

ಮಗ, ನಿನ್ನ ರೂಮ್‌ಮೇಟ್ ಗೌತಮಿಗೆ ಫೋನ್ ಮಾಡಿದ್ದೆ. ನಿನಗಲ್ಲ, ಅವಳಿಗೆ. ಸಿಟ್ಟಾಗಬೇಡ.

ಪಾಪ, ಆ ಹುಡುಗಿ ನಿಧಾನವಾಗಿ ಹೇಳ್ಕೊಟ್ಲು. "ಅಂಕಲ್, ಈಸಿ ಒತ್ತೋದು ಅಂದ್ರೆ ಇದು ನನಗೆ ಚೆನ್ನಾಗಿ ಗೊತ್ತು, ಸದ್ಯಕ್ಕೆ ತೋರಿಸಬೇಡ ಅಂತ. ಎಗೇನ್ ಅಂದ್ರೆ ಮರ್ತೋಗಿದೆ, ಬೇಗ ತೋರಿಸು ಅಂತ. ನೀವು ಎರಡು ಸಾವಿರ ಕಾರ್ಡಿಗೂ ಅವಳಿಗೆ ಗೊತ್ತು ಅಂತ ಹೇಳ್ಬಿಟ್ರಿ." ನಾನಂದೆ, ಅವಳಿಗೆ ಗೊತ್ತಿಲ್ವೇನಮ್ಮ? ಅದಕ್ಕೆ ಅವಳು, "ಗೊತ್ತಿಲ್ದೇ ಇರೋದೇ ಅಂಕಲ್ ಬಾಕಿ ಬಿದ್ದಿರೋದು" ಅಂದ್ಲು.

ಅಂದ್ರೆ ನಿನಗೆ ಯಾವುದು ಬರಲ್ವೋ ಅದನ್ನೇ ಹುಡುಕಿ ಹುಡುಕಿ ಪರೀಕ್ಷೆ ಆದ ಮೇಲಿನ ತಾರೀಕಿಗೆ ಹಾಕಿ ಕೂತಿದ್ದೀನಿ ನಾನು. ಅದ್ರ ಮೇಲೆ ಲಾಡು ತಿಂದ ನಿಂಗಯ್ಯನ್ನ ಬೇರೆ ಆಡ್ಕೊಂಡೆ.

ಹಳೇ ಪ್ರತಿ ನಿನ್ನ ಫೋನಲ್ಲಿ ಉಳಿದಿರುತ್ತೆ, ಅದನ್ನ ವಾಪಸ್ ತರಬಹುದು ಅಂತ ಗೌತಮಿ ಅಂದ್ಲು. ತರಿಸ್ಕೋ ಮಗ. ತಪ್ಪಾಯ್ತು.

ಒಂದೇ ಒಂದು ಮಾತು. ನಾನು ಸೊನ್ನೆ ಮಾಡಿದ್ದು ಭಾನುವಾರ. ನೀನು ನೋಡಿದ್ದು ಮಂಗಳವಾರ. ನೀನು ಅದನ್ನ ತೆಗೆದೆಯಲ್ಲ, ಅಷ್ಟು ಸಾಕು ನನಗೆ. ಇನ್ನೇನೂ ಕೇಳಲ್ಲ.

ಇಂತಿ,
ಕೈ ಕಟ್ಕೊಂಡು ಕೂತಿರೋ ಅಪ್ಪ.

*

ಮೈಸೂರು
೧೧ ಅಕ್ಟೋಬರ್

ಅಪ್ಪಾಜಿ,

ಫೋನಿನಲ್ಲಿ ಹೇಳಲಾಗದ್ದನ್ನು ಬರೆದು ಕಳಿಸುತ್ತಿದ್ದೇನೆ. ನೆಟ್ ಸರಿಯಾಗಿಯೇ ಇದೆ. ಗೌರಿ ಹಬ್ಬದಿಂದ ನಾನು ಓದಿಲ್ಲ. ಬೆಳಗ್ಗೆ ಲೈಬ್ರರಿಗೆ ಎಂದು ಬ್ಯಾಗು ಹಾಕಿಕೊಂಡು ಹೊರಡುತ್ತೇನೆ. ಕುಕ್ಕರಹಳ್ಳಿ ಕೆರೆಯ ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಊಟದ ಹೊತ್ತಿಗೆ ವಾಪಸ್ ಬರುತ್ತೇನೆ. ಆ ಬಾಕಿ ನಂಬರ್ ಕಂಡೊಡನೆ ಫೋನನ್ನು ಬ್ಯಾಗಿನೊಳಗೆ ತುರುಕುತ್ತಿದ್ದೆ. ಕೊನೆಗೆ ಕಾರ್ಡು ತೆಗೆಯುವುದನ್ನೇ ಬಿಟ್ಟೆ. ತೆಗೆಯದಿದ್ದರೆ ಅದು ಇನ್ನೂ ಬೆಳೆಯುತ್ತಿತ್ತು.

ಮಂಗಳವಾರ ನಿಮ್ಮ ವಾಯ್ಸ್ ನೋಟ್ ಕೇಳಿ ತೆಗೆದೆ. ಸೊನ್ನೆ ಇತ್ತು. ಒಂದು ಕ್ಷಣ ಎಷ್ಟು ಹಾಯೆನಿಸಿತು ಗೊತ್ತಾ? ಯಾರೋ ನನ್ನ ಪರವಾಗಿ ಎಲ್ಲವನ್ನೂ ಓದಿ ಮುಗಿಸಿದ ಹಾಗೆ. ಆಮೇಲೆ ಏನಾಗಿದೆ ಎಂದು ಅರ್ಥವಾಯಿತು. ಅತ್ತೆ. ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೇ ಅತ್ತೆ. ರಾತ್ರಿ ಊಟಕ್ಕೆ ಕೂತಾಗ ಗೌತಮಿ, "ನಿಮ್ಮಪ್ಪ ಅದಕ್ಕೂ ಕುಂಕುಮ ಇಟ್ರಂತೆ ಕಣೇ" ಎಂದಳು. ಇಬ್ಬರೂ ಅನ್ನ ನೆತ್ತಿಗೇರುವಷ್ಟು ನಕ್ಕೆವು.

ಹಳೆಯ ಪ್ರತಿ ವಾಪಸ್ ತಂದಿದ್ದೇನೆ. ಆ ಎರಡು ಸಾವಿರವೂ ವಾಪಸ್ ಬಂದು ಕೂತಿದೆ. ಮತ್ತೆ ಮುಚ್ಚಿಟ್ಟೆ.

ಜನವರಿಯಲ್ಲಿ ನಾನು ಬರೆಯುವುದಿಲ್ಲ ಎಂದುಕೊಂಡಿದ್ದೇನೆ ಅಪ್ಪಾಜಿ. ಮೂರನೇ ಸಲವೂ ಅಜ್ಜಿಗೆ ಇನ್ನೂ ಓದುತ್ತಿದ್ದೇನೆ ಎಂದೇ ಹೇಳುವುದು ನನ್ನಿಂದಾಗದು. ಅಮ್ಮನಿಗೆ ಈಗಲೇ ಹೇಳಬೇಡಿ.

ನಿಮ್ಮ
ದೀಪಿಕ

*

ಮಳವಳ್ಳಿ
೧೨ ಅಕ್ಟೋಬರ್, ಭಾನುವಾರ

ಮಗ. ಓದಿದೆ.

ಬರೀಬೇಡ ಅನ್ನಿಸಿದ್ರೆ ಬರೀಬೇಡ. ಅದನ್ನ ಜನವರೀಲಿ ಯೋಚ್ನೆ ಮಾಡು. ಈಗ ಅಕ್ಟೋಬರು. ಈಗಲೇ ಯಾಕೆ ಆದೇಶ ಬರೀತೀಯ?

ಆ ಗುಡ್ಡೆ ನಿನ್ನ ಕಣ್ಣಿಗೆ ಬೀಳೋದು ಬೇಡ. ಅದು ಇಲ್ಲಿ ಟ್ಯಾಬಲ್ಲಿ ನನ್ನ ಕಣ್ಣ ಮುಂದೆ ಇರಲಿ, ನನಗೆ ಗುಡ್ಡೆ ನೋಡಿ ಅಭ್ಯಾಸ. ನಾನು ಅದನ್ನ ಗುಂಪು ಗುಂಪು ಮಾಡಿ ಜೋಡಿಸ್ತೀನಿ. ಗುಂಪು ಮಾಡೋದು ಹೆಂಗೆ ಅಂತ ಗೌತಮಿ ಹತ್ರ ಕೇಳ್ಕೊಂಡಿದ್ದೀನಿ. ನಾನಾಗಿ ಯಾವ ಗುಂಡೀನೂ ಒತ್ತಲ್ಲ, ನಮ್ಮವ್ವನಾಣೆ. ದಿನಕ್ಕೆ ಒಂದು ಹಿಡಿ ಕಾರ್ಡು ನಾನು ಓದಿ ಕಳಿಸ್ತೀನಿ. ನೀನು ಆ ಕೆರೆ ಹತ್ರಾನೇ ಕೂತ್ಕೊಂಡು ಕೇಳು. ಬಂತು, ಬರಲಿಲ್ಲ, ಅಷ್ಟು ಬರೆದು ಕಳಿಸು. ನೀನು ಹೇಳಿದ ಗುಂಡಿ ಮಾತ್ರ ಒತ್ತೀನಿ. ಪರೀಕ್ಷೆಗಲ್ಲ. ಸುಮ್ನೆ. ಅವರೆಕಾಯಿ ಸುಲಿಯೋವಾಗ ಮಾಡ್ತಿದ್ವಲ್ಲ, ಹಂಗೆ.

ಅಮ್ಮನಿಗೆ ಹೇಳಿಲ್ಲ. ಅವಳು ಕೇಳಲೂ ಇಲ್ಲ. ನಿನಗೆ ಕಳಿಸೋಕೆ ಅಂತ ಚಕ್ಕುಲಿ ಹಿಟ್ಟು ಬೀಸಿಸ್ಕೊಂಡು ಬಂದವ್ಳೆ.

ಇಂತಿ,
ಅಪ್ಪ.

*

ಮಳವಳ್ಳಿ
೯ ನವೆಂಬರ್, ಭಾನುವಾರ

ತಗೋ, ಇವತ್ತಿಂದು. ಮೊದಲನೇ ಕಾರ್ಡು, ಕೆಂಪಸಿದ್ದಯ್ಯನ ಗುಂಪು. ಹಾವು ಕಚ್ಚಿ ಬಂದವನಿಗೆ ಗಾಜಿನ ಟ್ಯೂಬಲ್ಲಿ ರಕ್ತ ತಗೊಂಡು ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಡ್ತಾರೆ. ಯಾಕೆ?

…

ಆಯ್ತಾ? ನಾನು ಇಷ್ಟು ಹೊತ್ತು ಸುಮ್ನಿದ್ದದ್ದು ಹೆಚ್ಚು. ಕಾರ್ಡಿನ ಹಿಂದೆ ಬರೆದಿರೋದು, ಹೆಪ್ಪುಗಟ್ಟದೆ ಹಂಗೇ ನೀರಾಗಿದ್ರೆ ಮಂಡಲದ ಹಾವಿನ ಜಾತಿ ವಿಷ. ಪೂರಿಗಾಲಿ ಕೆಂಪಸಿದ್ದಯ್ಯನಿಗೆ ಕಬ್ಬಿನ ಗದ್ದೇಲಿ ಕಚ್ಚಿದಾಗ ಇದೇ ಮಾಡಿದ್ರಂತೆ. ನಾನು ಕೇಳ್ದೆ, "ನಿನ್ನ ರಕ್ತ ಹೆಪ್ಪುಗಟ್ತಾ?" ಅದಕ್ಕವನು, "ನಂಗೇನ್ ಗೊತ್ತು ಬುದ್ಧಿ, ನಾನು ಮನೆದೇವ್ರ ಕರೀತಾ ಮನಗಿದ್ದೆ" ಅಂದ.

ಗುಂಪು ಮಾಡಿರೋದು ನೋಡಿ ನಗಬೇಡ. ನೀನು ಅನಾಟಮಿ, ಫಾರ್ಮಕಾಲಜಿ ಅಂತ ಇಟ್ಟಿದ್ದೆ. ನನಗೆ ಅದು ಬಾಯಿಗೂ ಬರಲ್ಲ, ತಲೆಗೂ ಹತ್ತಲ್ಲ. ಅದಕ್ಕೆ ನಮಗೆ ಗೊತ್ತಿರೋರ ಹೆಸರಲ್ಲಿ ಇಟ್ಟೆ. ಸಕ್ಕರೆ ಕಾಯಿಲೆದೆಲ್ಲ ನಿಂಗಯ್ಯಂದು. ಬಿಪಿ ನಂದು. ಮಂಡಿ, ಕಣ್ಣಿನ ಪೊರೆ ಅಜ್ಜೀದು. ಹೆರಿಗೆದೂ ಅಜ್ಜೀಗೇ ಕೊಟ್ಟಿದ್ದೀನಿ. ನೀನು ಮೊನ್ನೆ ಕೇಳಿದ್ದೆ, ಎಪ್ಪತ್ತೆಂಟು ವರ್ಷದವಳ ಗುಂಪಲ್ಲಿ ಗರ್ಭಿಣಿ ಕಾರ್ಡ್ ಯಾಕಪ್ಪಾಜಿ ಅಂತ. ಏಳು ಹೆತ್ತವಳು ಕಣಮ್ಮ, ಅವಳಿಗಿಂತ ಹಕ್ಕುದಾರರು ಯಾರಿದ್ದಾರೆ? ಅವಳಿಗೆ ಹೇಳಿದ್ದಕ್ಕೆ ಖುಷಿಯಾಗಿ, "ನಮ್ಮ ಡಾಕ್ಟ್ರವ್ವಂಗೆ ಯೋಳು, ಮೊದಲ್ನೇದು ಎಮ್ಮೆ ಕಟ್ಟೋ ಕೊಟ್ಟಿಗೇಲೇ ಆಗೋಯ್ತು ಅಂತ. ಅದೂ ಬರ್ಕೊಳ್ಲಿ" ಅಂದ್ಲು. ಮೊದಲನೇದು ಅಂದ್ರೆ ನಿಮ್ಮ ದೊಡ್ಡಪ್ಪ.

ಒಂದು ಗುಂಪು ಮಾತ್ರ ಹಂಗೇ ಇದೆ. ಅದನ್ನ ನಾನು ಓದಲ್ಲ. ಅದಕ್ಕೆ ಯಾರ ಹೆಸರು ಇಡೋಕೂ ಮನಸು ಬರಲಿಲ್ಲ. 'ಯಾರಿಗೂ ಬರಬಾರದ್ದು' ಅಂತ ಹೆಸರಿಟ್ಟು ಪಕ್ಕಕ್ಕೆ ಹಾಕಿದ್ದೀನಿ. ಮಕ್ಕಳ ಕ್ಯಾನ್ಸರು, ಹುಟ್ಟುತ್ತಲೇ ಹೃದಯದಲ್ಲಿ ತೂತು, ಅಂಥವು. ದಿನಾ ಒಂದಷ್ಟು ಕಾರ್ಡು ಅಲ್ಲಿಗೇ ಹೋಗ್ತವೆ. ಬುಡು, ಅದು ಅಲ್ಲೇ ಇರಲಿ.

ಎರಡನೇ ಕಾರ್ಡು ಸಾಯಂಕಾಲ. ಚಕ್ಕುಲಿ ಮುಗೀತಾ?

ಇಂತಿ,
ಬಿಪಿ ಗುಂಪಿನ ಯಜಮಾನ.

*

ಮೈಸೂರು
೧೦ ನವೆಂಬರ್

ಅಪ್ಪಾಜಿ,

ಹಾವಿನದು ಬಂತು. ಅಜ್ಜಿಯದು ಎರಡು ಬರಲಿಲ್ಲ, ಎಗೇನ್ ಒತ್ತಿ. ಚಕ್ಕುಲಿಯನ್ನು ಗೌತಮಿ ಮುಗಿಸಿದಳು.

ನೀವು ಪಕ್ಕಕ್ಕೆ ಹಾಕಿರುವ ಗುಂಪನ್ನು ಇವತ್ತು ಫೋನಿನಲ್ಲಿ ತೆಗೆದು ನೋಡಿದೆ. ಎಲ್ಲಕ್ಕಿಂತ ದೊಡ್ಡ ಗುಂಪು ಅದೇ. ನಾನು ಎರಡು ಸಲ ಫೇಲಾದದ್ದೂ ಅದರಲ್ಲೇ. ನನಗೂ ಅವನ್ನು ಓದಲು ಆಗುತ್ತಿರಲಿಲ್ಲ. ಒಂದೊಂದು ಕಾರ್ಡಿನ ಹಿಂದೆಯೂ ಒಂದು ಮಗು ಕಾಣುತ್ತಿತ್ತು. ಬೇಗ ಬೇಗ ದಾಟಿಬಿಡುತ್ತಿದ್ದೆ.

ಅದನ್ನು ಹೊರಗೆ ತೆಗೆಯಿರಿ ಅಪ್ಪಾಜಿ. ಯಾರಿಗೂ ಬರಬಾರದು, ನಿಜ. ಆದರೆ ಬರುವವರಿಗೆ ಬಂದೇ ಬರುತ್ತದೆ. ಅವರು ಮಗುವನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಕೂತಾಗ ನನಗೆ ಗೊತ್ತಿರಬೇಕಲ್ಲ.

ನಾಳೆಯಿಂದ ಅದನ್ನೇ ಓದಿ ಕಳಿಸಿ. ನಿಧಾನವಾಗಿ ಓದಿ.

ದೀಪಿಕ

*

ಮಳವಳ್ಳಿ
೧೪ ಡಿಸೆಂಬರ್, ಭಾನುವಾರ

ಮಗ, ಇವತ್ತು ಕಾರ್ಡು ಓದೋಕೆ ಮುಂಚೆ ಸ್ವಲ್ಪ ಜಗಳ ಆಡಬೇಕು.

ಗೌತಮಿ ನಿನ್ನೆ ಏನೋ ಬಾಯ್ತಪ್ಪಿ ಅಂದ್ಲು. ಈ ಪರೀಕ್ಷೆ ಆದ ಮೇಲೆ ಒಂದು ವರ್ಷ ಆಸ್ಪತ್ರೇಲಿ ದುಡಿದು, ಆಮೇಲೆ ಸ್ಪೆಷಲಿಸ್ಟ್ ಆಗಬೇಕು ಅಂದ್ರೆ ಇನ್ನೊಂದು ಪರೀಕ್ಷೆಯಂತೆ! ಅದು ಇದಕ್ಕಿಂತ ದೊಡ್ಡದಂತೆ! ಅದು ಮುಗಿಸಿದ ಮೇಲೂ ಮತ್ತೊಂದು ಇರುತ್ತಂತೆ. ಇದನ್ನ ನೀನು ನನಗೆ ಯಾವತ್ತು ಹೇಳೋಳಿದ್ದೆ? ನಾನು ಜನವರಿಗೆ ಟ್ಯಾಬು ಒರೆಸಿ ಬೀರುವಲ್ಲಿ ಇಡೋಣ ಅಂತಿದ್ದೆ. ಕಾರ್ಡು ಅಳಿಸಬೇಡಿ ಅಂಕಲ್, ಮುಂದಕ್ಕೂ ಅವೇ ಬೇಕು ಅಂದ್ಲು. ಅಂದ್ರೆ ನಾನು ರಿಟೈರ್ ಆಗೋವರೆಗೂ ನಿನ್ನ ಅಟೆಂಡರ್ರೇ.

ಆ ಗುಂಪು ಓದೋದು ಈಗ ಸ್ವಲ್ಪ ಅಭ್ಯಾಸ ಆಗಿದೆ. ಮೊದಮೊದಲು ಅರ್ಧ ಓದಿ ನಿಲ್ಲಿಸ್ಬಿಡ್ತಿದ್ದೆ. ಒಂದು ದಿನ ಆಫೀಸ್ ಹಿಂದೆ ಹುಣಸೆ ಮರದ ಕೆಳಗೆ ನಿಂತು ಓದ್ತಿದ್ದೆ, ಕಣ್ಣಲ್ಲಿ ನೀರು ಬಂತು. ನಿಂಗಯ್ಯ ನೋಡ್ಬಿಟ್ಟ. "ಯಾಕ್ ಸಾ, ಮನೇಲಿ ಏನಾದ್ರೂ?" ಅಂದ. ಏನಿಲ್ಲ ಕಣಪ್ಪ, ಒಂದು ಮಗೂಗೆ ಹುಷಾರಿಲ್ಲ ಅಂದೆ. "ಯಾರ ಮಗ ಸಾ?" ಅಂದ. ಕಾರ್ಡಲ್ಲಿ ಹೆಸರಿಲ್ಲ ಅಂತ ಅವನಿಗೆ ಹೇಳೋದಾ? ಅವನು ಆವತ್ತು ಸಂಜೆ ಮಾರಿಗುಡೀಲಿ ಆ ಮಗೂಗೆ ಅಂತ ಹಣ್ಣುಕಾಯಿ ಮಾಡಿಸ್ಕೊಂಡು ಬಂದು ಕೈಗೆ ಕೊಟ್ಟ. ನಾನು ತಗೊಂಡೆ ಮಗ. ಬೇಡ ಅನ್ನೋಕೆ ಆಗಲಿಲ್ಲ.

ಹೋದ ವಾರ ನೀನು ಆ ಗುಂಪಲ್ಲಿ ಹತ್ತಕ್ಕೆ ಎಂಟು ಹೇಳಿದೆ. ನಾನೇನೂ ಅಂತಿಲ್ಲ. ಬರೀತೀಯಾ ಅಂತ ಕೇಳಲ್ಲ. ಕೇಳಿದ್ನಾ? ಇಲ್ಲ.

ಸಹಿ,
ಖಾಯಂ ಅಟೆಂಡರ್ ಚಲುವರಾಜು.

*

ಮೈಸೂರು
೧೨ ಜನವರಿ ೨೦೨೬

ಅಪ್ಪಾಜಿ,

ನಿಮಗೆ ಹೇಳದೆಯೇ ಪರೀಕ್ಷೆಗೆ ಅರ್ಜಿ ಹಾಕಿದ್ದೆ, ಹಾಲ್ ಟಿಕೆಟ್ ಬಂದಿದೆ. ಸೆಂಟರ್ ಮಂಡ್ಯದಲ್ಲೇ ಬಿದ್ದಿದೆ, ಹೆದ್ದಾರಿ ಪಕ್ಕದ ಕಾಲೇಜು. ಶನಿವಾರ ಬೆಳಗ್ಗೆಯಿಂದ ಸಂಜೆಯವರೆಗೆ. ಗೌತಮಿಗೂ ಅಲ್ಲೇ ಪರೀಕ್ಷೆ, ಅವಳ ಜೊತೆ ಬರುತ್ತೇನೆ. ಗೇಟಿನವರೆಗೆ ಖಂಡಿತ ಬರುತ್ತೇನೆ. ಒಳಗೆ ಹೋಗುತ್ತೇನೋ ಇಲ್ಲವೋ ಅಲ್ಲಿ ನಿಂತಾಗಲೇ ಗೊತ್ತಾಗುವುದು. ನೀವು ಬರಬೇಡಿ. ನೀವು ನಿಂತಿದ್ದು ಕಂಡರೆ ನಿಮಗೋಸ್ಕರ ಒಳಗೆ ಹೋಗಿಬಿಡುತ್ತೇನೆ. ಹಾಗಾಗುವುದು ಬೇಡ.

ಇನ್ನು ಕಾರ್ಡು ಕಳಿಸಬೇಡಿ. ಅಜ್ಜಿಗೆ ಎಳ್ಳುಬೆಲ್ಲ ನನ್ನ ಪಾಲಿನದೂ ಕೊಡಿ.

ದೀಪಿಕ

*

ಮಂಡ್ಯ
೧೭ ಜನವರಿ, ಶನಿವಾರ

ಮಗ, ಇದನ್ನ ಈಗ ಕಳಿಸಲ್ಲ. ಮಳವಳ್ಳಿ ಸೇರಿದ ಮೇಲೆ ಕಳಿಸ್ತೀನಿ. ಈಗ ಸುಮ್ನೆ ಮಾತಾಡ್ಕೋತಿದ್ದೀನಿ.

ನೀನು ಬರಬೇಡ ಅಂದೆ. ನಾನು ನಿನ್ನ ಕಣ್ಣಿಗೆ ಬೀಳಬಾರದು, ಅಷ್ಟೇ ತಾನೇ? ರಸ್ತೆ ಈಚೆ ಕಡೆ ಕಬ್ಬಿನಹಾಲಿನ ಗಾಡಿ ಇದೆ. ಅದರ ಹಿಂದೆ ಒಂದು ಸ್ಟೂಲು. ಅಲ್ಲಿ ಕೂತಿದ್ದೀನಿ. ನಿಮ್ಮಮ್ಮನ ಶಾಲು ತಲೆಗೆ ಸುತ್ಕೊಂಡಿದ್ದೀನಿ, ಗುರುತು ಸಿಗಬಾರದು ಅಂತ. ಗಾಡಿಯವಳು ಚಿಕ್ಕಮಾದಮ್ಮ ಅಂತ. ಬೆಳಗ್ಗೆನೇ ಕೇಳಿದ್ಲು, "ಯಾರ್ನಾದ್ರೂ ಇಡಿಯಕ್ಕೆ ಬಂದಿದ್ದೀರಾ ಸಾ, ಪೋಲೀಸ್ನೋರಾ?" ಅಂತ. ಇಲ್ಲ ಕಣಮ್ಮ, ಮಗಳ ಪರೀಕ್ಷೆ ಅಂದೆ. "ಅದಕ್ಯಾಕೆ ಮುಖ ಮುಚ್ಕಂಡಿದ್ದೀರಿ?" ಅಂದ್ಲು. ಅದನ್ನ ಹೇಳೋಕೆ ಎರಡು ಲೋಟ ಹಾಲು ಕುಡೀಬೇಕಾಯ್ತು.

ನೀನು ಬಂದದ್ದು ನೋಡ್ದೆ. ಸಣ್ಣಗಾಗಿದ್ದೀಯ. ಗೇಟಿನ ಮುಂದೆ ನಿಂತೆ. ಗೌತಮಿ ಏನೋ ಅಂದ್ಲು, ನೀನು ತಲೆ ಆಡಿಸ್ದೆ. ಅವಳು ಒಳಗೆ ಹೋದ್ಲು. ನೀನೊಬ್ಬಳೇ ನಿಂತಿದ್ದೆ. ಮಕ್ಕಳೆಲ್ಲ ನಿನ್ನ ಪಕ್ಕದಲ್ಲೇ ಹೋಗ್ತಾವ್ರೆ, ನೀನು ನಿಂತೇ ಇದ್ದೀಯ. ನಾನು ಎದ್ದು ಬಂದುಬಿಡೋಣ ಅಂತ ಸ್ಟೂಲಿಂದ ಎದ್ದೇಬಿಟ್ಟೆ. ಚಿಕ್ಕಮಾದಮ್ಮ ಕೈ ಹಿಡ್ಕೊಂಡು, "ಬುಡಿ ಸಾ, ಅವಳ ಪಾಡಿಗೆ ಬುಡಿ" ಅಂದ್ಲು. ಕೂತ್ಕೊಂಡೆ.

ಆಮೇಲೆ ನೀನು ಚಪ್ಪಲಿ ಸರಿ ಮಾಡ್ಕೊಂಡು ಒಳಗೆ ಹೋದೆ.

ನನಗೋಸ್ಕರ ಅಲ್ಲ. ನಾನಂತೂ ಅಲ್ಲಿರಲೇ ಇಲ್ಲ.

ಅಷ್ಟು ಸಾಕು ಅಂತ ಆವಾಗಲೇ ಬಸ್ಸು ಹತ್ತಬೇಕಿತ್ತು. ಕಾಲು ಬರಲಿಲ್ಲ. ಮಧ್ಯಾಹ್ನ ಬಿಟ್ಟಾಗ ನೋಡೋಣ ಅಂದ್ಕೊಂಡೆ, ಹೊರಗೆ ಬಿಡಲೇ ಇಲ್ಲ ನಿಮ್ಮನ್ನ. ಈಗ ಸಂಜೆ ಆಯ್ತು. ಚಿಕ್ಕಮಾದಮ್ಮ ಗಾಣ ತೊಳೀತಾವ್ಳೆ. ಹುಡುಗರು ಒಬ್ಬೊಬ್ಬರಾಗಿ ಬರ್ತಾವ್ರೆ. ಪಾಸೋ ಫೇಲೋ ನನಗೆ ಬೇಕಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ ಮಗ. ಬೇಕು. ಆದ್ರೆ ಇವತ್ತೇ ಬೇಕು ಅಂತೇನಿಲ್ಲ. ಇವತ್ತು ನೀನು ಹೊರಗೆ ಬರೋದು ಒಂದ್ಸಲ ಕಂಡ್ರೆ ನಾನು ಮದ್ದೂರು ಕಡೆಯಿಂದ ಸುತ್ತಾಕ್ಕೊಂಡಾದ್ರೂ ಊರಿಗೆ ಹೋಗಿ…

ಏ. ಇದೇನಿದು. ಫೋನು.

ದೀಪಿಕ ಅಂತ ಬರ್ತಿದೆ. ನೀನೇ ಮಾಡ್ತಿದ್ದೀಯ, ಯಾವಾಗ ಆಚೆ ಬಂದೆ? ಐದು ತಿಂಗಳಾಯ್ತು ಕಣವ್ವ, ಈ ಹೆಸರು ಇದ್ರಲ್ಲಿ ಬಂದು. ಎಲ್ಲಿದ್ದೀರಾ ಅಂತ ಕೇಳಿದ್ರೆ ಏನ್ ಹೇಳ್ಲಿ? ಚಿಕ್ಕಮಾದಮ್ಮ, ಏನ್ ಹೇಳ್ಲಿ?

"ಮೊದ್ಲು ಎತ್ತಿ ಸಾ!"

ಹಾಂ, ಎತ್ತೀನಿ, ಎತ್ತೀನಿ. ಇದನ್ನ ಇಡ್ತೀನಿ ಮಗ, ನೀನು ಕರೀತಿದ್ದೀ